ಚೆಂಡು ಮುಟ್ಟಬಹುದು, ಲೋಟ ಮುಟ್ಟಬಾರದು

ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಹಣ್ಣು ಕುಯ್ದವರು ನಾವು. ಕಣದಲ್ಲಿ ಹರವಿ ಒಣಗಿಸಿದವರು, ಮೂಟೆ ಹೊತ್ತವರು ನಾವು. ಆ ಕಾಫಿ ನಮ್ಮ ಹಿರಿಯರಿಗೆ ಸಿಕ್ಕಿದ್ದು ಮಾತ್ರ ಅಂಗಳದಾಚೆ, ತೆಂಗಿನ ಚಿಪ್ಪಿನಲ್ಲಿ. ಹೋಟ್ಲಿಗೆ ಹೋದರೆ ಬೇರೆ ಲೋಟ. ಕುಡಿದ ಮೇಲೆ ತೊಳೆದು ಮಡಗೋದೂ ಅವರೇ. ನಮ್ಮ ಕೈ ಮುಟ್ಟಿದ ಬೀಜ ಮೈಲಿಗೆಯಲ್ಲ, ಅದು ಹಡಗು ಹತ್ತಿ ದೇಶಾಂತರ ಹೋಗುತ್ತೆ. ನಮ್ಮ ತುಟಿ ಮುಟ್ಟಿದ ಲೋಟ ಮಾತ್ರ ಮೈಲಿಗೆ! ಇದು ಯಾವ ಲೆಕ್ಕ? ಆಟದ ಬಯಲಿನಲ್ಲೂ ಇದೇ ಲೆಕ್ಕ ನಡೆದಿದೆ.

ಪಾಲ್ವಣಕರ್ ಬಾಳು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರ ಜಾತಿ. ಚರ್ಮ ಹದ ಮಾಡುವವನು ಅಸ್ಪೃಶ್ಯ, ಅದೇ ಚರ್ಮ ಹೊಲಿದ ಚೆಂಡಿಗೆ ಮೈಲಿಗೆಯಿಲ್ಲ. ಪುಣೆಯಲ್ಲಿ ಸಾಹೇಬರ ಕ್ಲಬ್ಬಿನ ಮೈದಾನಕ್ಕೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು ಈ ಹುಡುಗನ ಕೂಲಿ. ತಿಂಗಳಿಗೆ ನಾಲ್ಕು ರೂಪಾಯಿ. ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆದೂ ಎಸೆದೂ ಅವರು ದೇಶದ ದೊಡ್ಡ ಸ್ಪಿನ್ ಬೌಲರ್ ಆದರು. ಬ್ಯಾಟು ಮಾತ್ರ ಕೈಗೆ ಕೊಡಲಿಲ್ಲ.

ಬಿಳಿಯರನ್ನು ಸೋಲಿಸಬೇಕು ಅಂತ ಪುಣೆಯ ಹಿಂದೂಗಳಿಗೆ ಈ ಕೈ ಬೇಕಾಯಿತು. ತಂಡಕ್ಕೆ ಕರೆದರು. ಬಾಳು ಎಸೆದ ಚೆಂಡನ್ನು ಬ್ರಾಹ್ಮಣರೂ ಹಿಡಿದರು. ಚಹಾದ ಹೊತ್ತಿಗೆ ಉಳಿದವರು ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳುವಿಗೆ ಹೊರಗೆ ಮಣ್ಣಿನ ಕುಡಿಕೆ. ನಮ್ಮ ತೆಂಗಿನ ಚಿಪ್ಪಿನ ಅಣ್ಣ!

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದ್ದು ಬಾಳು ಬೌಲಿಂಗಿನಿಂದ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಸೋತು ಸುಣ್ಣವಾಯಿತು. ಬಾಳು ಒಬ್ಬರೇ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಹಾಗಿದ್ದೂ ಹಿಂದೂ ತಂಡದ ನಾಯಕರಾಗಿ ಅವರನ್ನು ಆರಿಸಲಿಲ್ಲ. 1920ರಲ್ಲಿ ಈ ಅನ್ಯಾಯ ಸಹಿಸದೆ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ತಂಡ ಬಿಟ್ಟು ಹೊರಬಂದರು. ಹೊರಬಂದದ್ದರಿಂದಲೇ ಬಾಗಿಲು ಅಲುಗಾಡಿತು. 1923ರಲ್ಲಿ ವಿಠ್ಠಲ ನಾಯಕರಾದರು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು, ನಮ್ಮ ವಿಕೆಟ್ ಕೀಪರ್ ಹಾಗೆ, ಚೆಂಡು ಹಿಡಿಯುವವನೇ ಕ್ಯಾಚರ್. ಗಿಡದ ಬುಡದಲ್ಲಿ ಕೂತು ಉದುರಿದ ಬೀಜ ಹೆಕ್ಕುವ ನಮ್ಮ ಹೆಂಗಸರಿಗೆ ಆ ಮೊಣಕಾಲಿನ ನೋವು ಗೊತ್ತು. ಜಾಷ್ ಗಿಬ್ಸನ್ ಅಂಥ ಕ್ಯಾಚರ್. 1911ರಲ್ಲಿ, ಬಾಳು ಇಂಗ್ಲೆಂಡಿಗೆ ಹೋದ ವರ್ಷ, ಜಾರ್ಜಿಯಾದಲ್ಲಿ ಹುಟ್ಟಿದ ಕರಿಯ. ಚೆಂಡು ಹಿಡಿಯುವುದರಲ್ಲೂ ಬಡಿಯುವುದರಲ್ಲೂ ಗಟ್ಟಿಗ. ಬಿಳಿಯರ ದೊಡ್ಡ ಲೀಗುಗಳಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ಬರೆದಿಟ್ಟ ಕಾನೂನೇ ಬೇಕಿರಲಿಲ್ಲ. ಹೋಮ್‌ಸ್ಟೆಡ್ ಗ್ರೇಸ್ ಮುಂತಾದ ಕರಿಯರ ತಂಡಗಳಲ್ಲೇ ಅವನ ಬದುಕು ಸವೆಯಿತು. 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ ಸತ್ತ. ಅದೇ ಏಪ್ರಿಲ್‌ನಲ್ಲಿ ಜಾಕಿ ರಾಬಿನ್‌ಸನ್ ಆ ಗೋಡೆ ದಾಟಿದ. ಕರಿಯರ ಲೀಗುಗಳ ಲೆಕ್ಕವನ್ನು ದೊಡ್ಡ ಪುಸ್ತಕಕ್ಕೆ ಸೇರಿಸಿದ್ದು 2024ರಲ್ಲಿ. ಸೇರಿಸಿ ನೋಡಿದರೆ ಬ್ಯಾಟಿಂಗ್ ಸರಾಸರಿಯಲ್ಲಿ ಗಿಬ್ಸನ್ನನೇ ಎಲ್ಲರಿಗಿಂತ ಮೇಲೆ! ಸತ್ತು 77 ವರ್ಷವಾದ ಮೇಲೆ ಸಿಕ್ಕ ನ್ಯಾಯ ಯಾರ ಹೊಟ್ಟೆ ತುಂಬಿಸುತ್ತೆ?

ಬಾಳು ಕತೆಯಲ್ಲಿ ಇನ್ನೊಂದು ನೋವಿದೆ, ಮುಚ್ಚಿಡಬಾರದು. ಎಳೆಯ ಅಂಬೇಡ್ಕರ್ ಬಾಳು ಅವರನ್ನು ಮೆಚ್ಚಿಕೊಂಡವರು. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ ಅದೇ ಬಾಳು ಅವರನ್ನು ಬಾಬಾಸಾಹೇಬರ ಎದುರು ನಿಲ್ಲಿಸಿತು. ಬಾಬಾಸಾಹೇಬರು ಗೆದ್ದರು. ಆದರೆ ನಮ್ಮವರ ಮೇಲೆ ನಮ್ಮವರನ್ನೇ ಎಸೆಯುವ ಆ ಚಾಳಿ ನಿಂತಿದೆಯೇ? ನಮ್ಮ ಹೋಬಳಿಗಳ ಚುನಾವಣೆ ಕಂಡವರು ಹೇಳಲಿ.

1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಬೇರೆ ಲೋಟ ಇಡುವುದು ಅಪರಾಧವಾಯಿತು. ಅದೇ ವರ್ಷ ಜುಲೈಯಲ್ಲಿ ಬಾಳು ತೀರಿಕೊಂಡರು.

ನಮ್ಮ ಲೈನ್ ಮನೆಗಳ ಹುಡುಗರೂ ಚೆಂಡಾಡುತ್ತಾರೆ. ಗೆದ್ದು ಬಂದಾಗ ಬೆನ್ನು ತಟ್ಟುವವರು ಬೇಕಾದಷ್ಟು ಜನ. ನಾವು ಕೇಳುವುದು ಇಷ್ಟೆ: ಆಟ ಮುಗಿದ ಮೇಲೆ ಆ ಹುಡುಗರನ್ನು ನಿಮ್ಮ ಜಗಲಿ ದಾಟಿಸಿ ಒಳಗೆ ಕರೆದು, ನೀವು ಕುಡಿಯುವ ಲೋಟದಲ್ಲೇ ಕಾಫಿ ಕೊಡುತ್ತೀರಾ? ಚಪ್ಪಾಳೆ ಆಮೇಲೆ ತಟ್ಟಿ.