ಕಟ್ಟಿ ಸರ್ವೆ, ಕೇರಿ ಗುಟ್ಟು

ಚುನಾವಣೆ ಬಂತಂದ್ರ ನಮ್ಮ ಹಿರೇವಡ್ಡಟ್ಟಿ ಕಟ್ಟಿ ಮ್ಯಾಲೆ ಸರ್ವೆ ಶುರು. ‘ಆ ಓಣಿ ಅವರಿಗೆ, ಈ ಓಣಿ ಇವರಿಗೆ, ಕೇರಿ ಓಟು ಹೆಂಗೂ ನಮ್ಮ ಕಿಸೇದಾಗ ಐತಿ.’ ಕೇರಿಗೆ ಬಂದು ಯಾರೂ ಕೇಳೂದಿಲ್ಲ.

ಇತಿಹಾಸ ನೋಡ್ರಿ. 1951-52ರ ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಮರೆಯಲ್ಲಿ ಚೀಟಿ ಹಾಕಿದವನ ಗುಟ್ಟು ಅವನಿಗೇ ಗೊತ್ತು. ಮುಂದೆ ಒಂದೇ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಬಂತು. ಹಲವು ಬೂತಿನ ಚೀಟಿ ಕಲಸಿ ಎಣಿಸುವ ನಿಯಮವೂ ಇತ್ತು. ಮತಯಂತ್ರ ಬಂದಮ್ಯಾಲೆ ಬೂತ್‌ವಾರು ಲೆಕ್ಕ ಬಯಲಾತು. ಒಬ್ಬನ ಗುಟ್ಟು ಉಳೀತು, ಕೇರಿಯ ಗುಟ್ಟು ಹೋತು. ‘ನಿಮ್ಮ ಬೂತಿನ್ಯಾಗ ನಮಗ ಕಡಿಮಿ ಬಿದ್ದಾವಲ್ಲ’ ಅಂತ ಅನ್ನಿಸಿಕೊಂಡವರಲ್ಲಿ ನಾನೂ ಒಬ್ಬ. ಬೂತುಗಳ ಮತ ಕೂಡಿಸಿ ಎಣಿಸಬೇಕು ಅಂತ ಕಾನೂನು ಆಯೋಗ 2015ರಲ್ಲೇ ಹೇಳೈತಿ.

2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರು ಮತದಾನದ ದಿನಕ್ಕಿಂತ ಮೊದಲೇ ಮನೆಯಲ್ಲಿ ಮತ ಹಾಕಿದರು. 2024ಕ್ಕೆ ಆ ವಯಸ್ಸು 85 ಆತು. ಸವಲತ್ತು ಒಳ್ಳೇದ. ಆದ್ರ ಒಂದೇ ಕೋಣೆಯ ಮನ್ಯಾಗ ಅಜ್ಜಿ ಮತ ಹಾಕುವಾಗ ಎಷ್ಟು ಕಣ್ಣು? ಮರೆ ಕೇಳಿ ಹಚ್ಚಿಸ್ರಿ. ಮಗನೂ ಇಣುಕಬಾರದು.

ಕಟ್ಟಿ ಮ್ಯಾಲೆ ಯಾರಾದ್ರೂ ಕೇಳಿದ್ರ ನಕ್ಕು ಸುಮ್ಮನಾಗ್ರಿ. ಗುಟ್ಟು ನಮ್ಮ ಹಕ್ಕು.

ಜೈ ಭೀಮ್.