ಹಾಲು ಇಳಿಯುವ ಮುನ್ನ: ನವಜಾತ ಶಿಶುವಿನ ಮೊದಲ ಆಹಾರದ ಇತಿಹಾಸ

ಶಿಶುಪೋಷಣೆಯ ಇತಿಹಾಸವನ್ನು ಬರೆಯಹೊರಟವರು ಬಹುಮಟ್ಟಿಗೆ ಧಾತ್ರಿಯರ ವಿಚಾರದಿಂದ ಆರಂಭಿಸಿ ಹಾಲಿನ ಪುಡಿಯ ಡಬ್ಬಿಯವರೆಗೆ ಬಂದು ನಿಲ್ಲುತ್ತಾರೆ. ಆ ಕಥೆ ಮಹತ್ತ್ವದ್ದೇ ಆದರೂ, ಅದರ ಒಡಲಲ್ಲಿ ಇನ್ನೊಂದು ಕಿರಿದಾದ ಇತಿಹಾಸವಿದೆ. ಕೂಸು ಭೂಮಿಗೆ ಬಿದ್ದ ಗಳಿಗೆಯಿಂದ ತಾಯಿಯ ಎದೆ ಹಾಲಿನಿಂದ ಬಿಗಿಯುವವರೆಗಿನ ಎರಡು ಮೂರು ದಿನಗಳಲ್ಲಿ ಅದರ ಬಾಯಿಗೆ ಏನನ್ನು ಹಾಕತಕ್ಕದ್ದು, ಆ ಅವಧಿಯಲ್ಲಿ ಎದೆಯಿಂದ ಜಿನುಗುವ ಹಳದಿ ಛಾಯೆಯ ಮಂದ ದ್ರವವನ್ನು ಏನೆಂದು ಬಗೆಯತಕ್ಕದ್ದು ಎಂಬ ಪ್ರಶ್ನೆಗೆ ಭಾರತದ ವೈದ್ಯರೂ ರೋಮಿನ ವೈದ್ಯರೂ ಲಂಡನ್ನಿನ ವೈದ್ಯರೂ ತಮ್ಮ ತಮ್ಮ ಕಾಲದಲ್ಲಿ ಉತ್ತರವನ್ನು ಹುಡುಕಿದ್ದಾರೆ. ಅವರಲ್ಲಿ ಅನೇಕರ ಅವಲೋಕನವು ನಿಷ್ಕೃಷ್ಟವಾಗಿದ್ದು ನಿರ್ಣಯವು ಮಾತ್ರ ದೋಷಯುಕ್ತವಾಗಿತ್ತೆಂಬುದನ್ನು ಇಲ್ಲಿ ಪ್ರತಿಪಾದಿಸಲು ಯತ್ನಿಸಿದ್ದೇನೆ.

ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ವಿಧಾನವನ್ನು ಕೊಡುತ್ತದೆ. ಹೆತ್ತವಳಲ್ಲಿ ಸ್ತನ್ಯವು ಮೂರು ಅಥವಾ ನಾಲ್ಕು ರಾತ್ರಿಗಳು ಕಳೆದ ಮೇಲೆ ಪ್ರವರ್ತಿಸುತ್ತದೆಯೆಂದು ಹೇಳಿ, ಅದುವರೆಗೆ ಮೊದಲ ದಿನ ಮಂತ್ರಪೂತವಾದ ಜೇನು ಮತ್ತು ತುಪ್ಪವನ್ನು ಮೂರು ಹೊತ್ತು, ಎರಡನೆಯ ಮತ್ತು ಮೂರನೆಯ ದಿನ ಲಕ್ಷ್ಮಣಾ ಎಂಬ ಮೂಲಿಕೆಯಿಂದ ಸಿದ್ಧಪಡಿಸಿದ ತುಪ್ಪವನ್ನು, ನಾಲ್ಕನೆಯ ದಿನ ಶಿಶುವಿನ ಅಂಗೈ ಹಿಡಿಯುವಷ್ಟು ಜೇನು-ತುಪ್ಪವನ್ನು ಎರಡು ಹೊತ್ತು ಕೊಟ್ಟು, ಆಮೇಲೆ ಎದೆಹಾಲನ್ನು ಕುಡಿಸಬೇಕೆಂದು ವಿಧಿಸಲಾಗಿದೆ. ಪ್ರಸವಾನಂತರ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಹಾಲಿನ ಪ್ರಮಾಣವು ಒಮ್ಮೆಗೇ ಏರುತ್ತದೆಯೆಂಬುದನ್ನೂ, ಮಾಸು ಬಿದ್ದೊಡನೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟೆರಾನ್ ಇಳಿಯುವುದೇ ಅದಕ್ಕೆ ಮುಖ್ಯ ಕಾರಣವೆಂಬುದನ್ನೂ ಇಂದಿನ ಶಾರೀರವಿಜ್ಞಾನವು ಸ್ಥಾಪಿಸಿದೆ. ಅಂದರೆ ಸಂಹಿತಾಕಾರರ ಲೆಕ್ಕ ತಪ್ಪಿರಲಿಲ್ಲ. ಹಾಲು ತುಂಬಿ ಬರುವುದಕ್ಕೆ ಮುಂಚೆ ಎದೆಯಲ್ಲಿ ಕೂಸಿಗೆ ಬೇಕಾದುದು ಏನೂ ಇಲ್ಲವೆಂದು ಊಹಿಸಿದ್ದೊಂದೇ ತಪ್ಪು.

ಈ ಗ್ರಂಥಕಾರರನ್ನು ಅಸಡ್ಡೆಯಿಂದ ಓದುವುದು ಅನ್ಯಾಯವಾದೀತು. ಕೂಸಿನ ಸ್ಪರ್ಶದಿಂದ, ಅದನ್ನು ಕಾಣುವುದರಿಂದ, ಕಡೆಗೆ ಅದನ್ನು ನೆನೆಯುವುದರಿಂದಲೂ ಹಾಲು ಸುರಿಯುತ್ತದೆಂದೂ, ನಿರಂತರವಾದ ಸ್ನೇಹವೇ ಅದಕ್ಕೆ ಹೇತುವೆಂದೂ ನಿದಾನಸ್ಥಾನವು ಹೇಳುತ್ತದೆ. ಅಳುವ ಮಗುವಿನ ದನಿ ಕೇಳಿದೊಡನೆ ಬಾಣಂತಿಯ ಸೆರಗು ಒದ್ದೆಯಾಗುವುದನ್ನು ಕಂಡ ಪ್ರತಿಯೊಬ್ಬರೂ ಆ ಮಾತಿನ ಸತ್ಯವನ್ನು ಬಲ್ಲರು. ಬಿಗಿದು ತುಂಬಿದ ಮೊಲೆಯಿಂದ ಒಂದಿಷ್ಟು ಹಾಲನ್ನು ಮೊದಲು ಹಿಂಡದೆ ಕೂಸಿನ ಬಾಯಿಗೆ ಕೊಟ್ಟರೆ ಹಾಲು ಮೇಲೊತ್ತಿ ನುಗ್ಗಿ ಕೆಮ್ಮು, ಉಬ್ಬಸ, ವಾಂತಿಗಳಾಗುವುವೆಂಬ ಎಚ್ಚರಿಕೆಯೂ ಅದೇ ಸಂಹಿತೆಯ ಶಾರೀರಸ್ಥಾನದಲ್ಲಿದೆ. ಬಾಣಂತಿಕೋಣೆಯ ಒಳಗೆ ಕುಳಿತು ನೋಡದವನಿಂದ ಇಂಥ ಸೂಕ್ಷ್ಮವು ಹೊರಡುವುದು ಸಾಧ್ಯವಿಲ್ಲ.

ಚರಕಸಂಹಿತೆಯ ಹಾದಿ ಬೇರೆ. ಅಲ್ಲಿಯೂ ಜಾತಕರ್ಮದಲ್ಲಿ ಮಂತ್ರಪೂತವಾದ ಜೇನು-ತುಪ್ಪಗಳ ಪ್ರಾಶನವುಂಟು. ಆದರೆ ಅದಾದ ಮೇಲೆ ಅದೇ ವಿಧಿಯಿಂದ ಮೊದಲು ಬಲ ಮೊಲೆಯನ್ನು ಕುಡಿಯಲು ಕೊಡಬೇಕೆಂದು ಶಾರೀರಸ್ಥಾನದ ಎಂಟನೆಯ ಅಧ್ಯಾಯವು ನಿರ್ದೇಶಿಸುತ್ತದೆ. ಮೂರು ರಾತ್ರಿಗಳ ಕಾಯುವಿಕೆಯ ಮಾತು ಅಲ್ಲಿಲ್ಲ. ಇಲ್ಲಿ ಲೇಹನವು ಸಂಸ್ಕಾರ, ಸ್ತನ್ಯವು ಆಹಾರ. ಸುಶ್ರುತದಲ್ಲಿ ಸಂಸ್ಕಾರವೇ ಮೂರು ದಿನಗಳ ಆಹಾರವಾಗಿ ಹಬ್ಬಿಕೊಂಡಿತು. ಅಷ್ಟಾಂಗಹೃದಯದ ಉತ್ತರಸ್ಥಾನವು ತಾಯಿಯ ಹಾಲೇ ದೇಹವೃದ್ಧಿಗೆ ಸಾಕೆಂದು ಒತ್ತಿ ಹೇಳಿದರೂ, ಮೊದಲ ದಿನಗಳ ಮಟ್ಟಿಗೆ ಸುಶ್ರುತನ ಕ್ರಮವನ್ನೇ ಅನುಸರಿಸಿತು. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು, ಪೂರ್ವಾಭಿಮುಖವಾಗಿ ಕಲ್ಲಿನ ಮೇಲೆ ತೇಯ್ದ ಚಿನ್ನವನ್ನು ಜೇನು-ತುಪ್ಪಗಳೊಡನೆ ನೆಕ್ಕಿಸುವುದನ್ನು ಮೇಧಾವೃದ್ಧಿಗೆಂದು ಹೇಳುತ್ತದೆಯೇ ಹೊರತು ಹಾಲಿಗೆ ಬದಲೆಂದು ಹೇಳುವುದಿಲ್ಲ. ನಮ್ಮ ಪರಂಪರೆಯಲ್ಲಿ ಒಂದೇ ಅಭಿಪ್ರಾಯವಿತ್ತೆಂದು ಭಾವಿಸುವವರು ಈ ಭೇದವನ್ನು ಗಮನಿಸಬೇಕು.

ಸರಿಸುಮಾರು ಇಂಥದೇ ಆಲೋಚನೆಯು ಮೆಡಿಟರೇನಿಯನ್ ತೀರದಲ್ಲಿಯೂ ನಡೆದಿತ್ತು. ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿ ರೋಮಿನಲ್ಲಿ ವೃತ್ತಿ ನಡೆಸಿದ ಎಫೆಸಸ್ಸಿನ ಸೊರಾನಸನು ಹೆತ್ತವಳ ಹಾಲು ಇಪ್ಪತ್ತು ದಿನಗಳವರೆಗೆ ಜೀರ್ಣಕ್ಕೆ ಜಡವೆಂದು ಬಗೆದು, ಮೊದಲಿಗೆ ಹದವಾಗಿ ಕುದಿಸಿದ ಜೇನನ್ನೂ ಅನಂತರ ದಾದಿಯ ಹಾಲನ್ನೂ ವಿಧಿಸಿದನು. ಹಾಲಿನ ಪರೀಕ್ಷೆಗೆ ಅವನು ಉಗುರಿನ ಮೇಲೆ ಒಂದು ಹನಿ ಬಿಟ್ಟು ಅದು ಹರಿಯುವ ಬಗೆಯನ್ನು ನೋಡಿದರೆ, ಸುಶ್ರುತಸಂಹಿತೆಯು ನೀರಿನಲ್ಲಿ ಬಿಟ್ಟು, ಎಳೆಯೆಳೆಯಾಗದೆ, ತೇಲದೆ, ಮುಳುಗದೆ, ಶಂಖವರ್ಣದಿಂದ ಒಂದಾಗಿ ಬೆರೆಯುವುದನ್ನೇ ಶುದ್ಧವೆಂದಿತು. ಮಂದವಾದ ಹಳದಿ ಹಾಲು ಈ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುವಂತಿರಲಿಲ್ಲವೆಂಬುದನ್ನು ನೆನೆದರೆ, ಅದರ ಮೇಲಣ ಸಂದೇಹಕ್ಕೆ ಆಧಾರವೇನಿದ್ದೀತೆಂದು ಊಹಿಸಬಹುದು.

ಕನ್ನಡನಾಡಿನ ಮನೆಗಳಲ್ಲಿ ಗ್ರಂಥಕ್ಕಿಂತ ಸೂಲಗಿತ್ತಿಯ ಮಾತೇ ಪ್ರಮಾಣವಾಗಿತ್ತು. ಸಕ್ಕರೆನೀರು, ಜೇನು, ಒಂದೆರಡು ಹನಿ ಹರಳೆಣ್ಣೆ, ಹಸುವಿನ ಇಲ್ಲವೆ ಆಡಿನ ಹಾಲು, ಮುಂದೆ ತೇಯ್ದ ಬಜೆ, ಇವು ಮನೆಮನೆಗೂ ಪರಿಚಿತವಾದವು. ಕೊಟ್ಟಿಗೆಯ ಹಸು ಈದಾಗ ಗಿಣ್ಣುಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗೂ ಹಂಚಿ ತಿನ್ನುವ ಮನೆಯಲ್ಲಿಯೇ, ಬಾಣಂತಿಯ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುತ್ತಿದ್ದುದು ನಮ್ಮ ಸಂಪ್ರದಾಯದ ಅತ್ಯಂತ ದುಃಖಕರವಾದ ವೈರುಧ್ಯ. ಆದರೆ ಅದೇ ಸಂಪ್ರದಾಯವು ಒಳಲೆಯನ್ನೂ ಕೊಟ್ಟಿದೆ. ಒಂದು ಕಡೆ ಮೂತಿ ಚಾಚಿದ ಆ ಪುಟ್ಟ ಪಾತ್ರೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡ ಕೂಸಿನ ತುಟಿಯಂಚಿಗೆ ತಾಗಿಸಿ, ಅದು ಒಂದು ಗುಟುಕು ನುಂಗಿದುದನ್ನು ನೋಡಿಕೊಂಡು ಮತ್ತೊಂದು ಗುಟುಕನ್ನು ಬಗ್ಗಿಸುವ ಅಜ್ಜಿಯ ಕೈಚಳಕವು ಅಲ್ಪವಾದುದಲ್ಲ. ಇಂದು ಆಸ್ಪತ್ರೆಗಳ ನವಜಾತ ವಿಭಾಗಗಳಲ್ಲಿ, ಮೊಲೆ ಚೀಪಲಾರದಷ್ಟು ನಿತ್ರಾಣವಾದ ಕಡಿಮೆ ತೂಕದ ಶಿಶುಗಳಿಗೆ ಹಿಂಡಿದ ಎದೆಹಾಲನ್ನು ಕುಡಿಸಲು ಬಾಟಲಿಗಿಂತ ಒಳಲೆಯೇ ಲೇಸೆಂದು ವೈದ್ಯರು ಒಪ್ಪಿದ್ದಾರೆ. ತೊಳೆಯಲು, ಕುದಿಸಲು ಅದರಷ್ಟು ಸುಲಭವಾದುದು ಇನ್ನೊಂದಿಲ್ಲ.

ಯುರೋಪಿನಲ್ಲಿ ಅಭಿಪ್ರಾಯವು ತಿರುಗಿದುದು ಹದಿನೆಂಟನೆಯ ಶತಮಾನದಲ್ಲಿ. 1748ರಲ್ಲಿ ವಿಲಿಯಂ ಕ್ಯಾಡೊಗನ್ನನು ಲಂಡನ್ನಿನ ಅನಾಥಶಿಶುಗಳ ಆಸ್ಪತ್ರೆಯ ಆಡಳಿತಗಾರರೊಬ್ಬರಿಗೆ ಬರೆದ ಪ್ರಬಂಧರೂಪದ ಪತ್ರದಲ್ಲಿ, ಹುಟ್ಟಿದ ಕೂಸಿನ ಗಂಟಲಿಗೆ ಬೆಣ್ಣೆ, ಸಕ್ಕರೆ, ಎಣ್ಣೆಗಳನ್ನು ತುರುಕುವ ರೂಢಿಯನ್ನು ಕಟುವಾಗಿ ಖಂಡಿಸಿ, ಬೇಗನೆ ತಾಯಿಯ ಎದೆಗೆ ಹಾಕಬೇಕೆಂದು ವಾದಿಸಿದನು. ಆ ಶತಮಾನದ ಇಂಗ್ಲೆಂಡಿನಲ್ಲಿ ಮೊದಲ ತಿಂಗಳ ಶಿಶುಮರಣವೂ ತಾಯಂದಿರ ಹಾಲುಜ್ವರವೂ ಇಳಿದುದಕ್ಕೆ ಈ ಬದಲಾವಣೆಯೊಡನೆ ಸಂಬಂಧವುಂಟೆಂದು ವ್ಯಾಲೆರಿ ಫಿಲ್ಡ್ಸ್ ಎಂಬ ವಿದುಷಿ 1986ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ.

ಹಾಲು ಅನ್ನ ಮಾತ್ರವಲ್ಲ, ರಕ್ಷೆಯೂ ಹೌದೆಂಬುದಕ್ಕೆ ಪ್ರಯೋಗದ ಆಧಾರ ದೊರೆತುದು 1892ರಲ್ಲಿ. ಜರ್ಮನಿಯ ಪಾಲ್ ಎರ್ಲಿಚ್ ಹರಳುಬೀಜದ ಹಾಗೂ ಗುಲಗಂಜಿಯ ವಿಷಗಳಿಗೆ ಕ್ರಮೇಣ ಒಗ್ಗಿಸಿದ ಇಲಿಗಳ ಮರಿಗಳನ್ನೂ ಸಾಧಾರಣ ಇಲಿಗಳ ಮರಿಗಳನ್ನೂ ಅದಲುಬದಲು ಮಾಡಿ ಮೊಲೆಯೂಡಿಸಿದಾಗ, ಒಗ್ಗಿದ ತಾಯಿಯ ಹಾಲು ಕುಡಿದ ಪರಕೀಯ ಮರಿಗಳಿಗೂ ಆ ರಕ್ಷಣೆಯು ಸಂದುದನ್ನು ಕಂಡನು. ಮೊದಲ ದಿನ ಒಂದೊಂದು ಸಲಕ್ಕೆ ಕೆಲವೇ ಮಿಲಿಲೀಟರಿನಷ್ಟು ಬರುವ ಗಿಣ್ಣುಹಾಲು ರೋಗಪ್ರತಿರೋಧಕ ಪ್ರೋಟೀನುಗಳಿಂದ ಎಷ್ಟು ಸಾಂದ್ರವಾಗಿದೆಯೆಂಬುದು ಇಪ್ಪತ್ತನೆಯ ಶತಮಾನದಲ್ಲಿ ವಿಶದವಾಯಿತು. ಜೇನಿನ ವಿಷಯದಲ್ಲಿಯೂ ತೀರ್ಪು ಬಂದಿದೆ: 1976ರಲ್ಲಿ ಶಿಶು ಬೊಟುಲಿಸಂ ಎಂಬ ಪಾರ್ಶ್ವವಾಯುಸದೃಶ ವ್ಯಾಧಿಯನ್ನು ಗುರುತಿಸಿದ ಮೇಲೆ, ಅದರ ಬೀಜಾಣುಗಳು ಜೇನಿನಲ್ಲಿ ಇರಬಹುದಾದ ಕಾರಣ, ವರ್ಷ ತುಂಬದ ಮಗುವಿಗೆ ಜೇನು ಕೂಡದೆಂಬುದು ವೈದ್ಯರ ಏಕಾಭಿಪ್ರಾಯ.

ಕೃತಕ ಆಹಾರದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1860ರ ದಶಕದಲ್ಲಿ ಲೀಬಿಗ್ ಮತ್ತು ನೆಸ್ಲೆಯವರು ಆರಂಭಿಸಿದ ಉದ್ಯಮವು ಜಗತ್ತನ್ನೆಲ್ಲ ವ್ಯಾಪಿಸಿ, 1939ರಲ್ಲಿ ಸಿಂಗಪುರದಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಅದರ ದುಷ್ಪ್ರಚಾರವನ್ನು ಕೊಲೆಯೆಂದೇ ಕರೆಯುವ ಮಟ್ಟಕ್ಕೆ ಬಂದಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆಯು ಇಂಥ ಪ್ರಚಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು, 1992ರಲ್ಲಿ ಭಾರತವು ಕಾನೂನನ್ನೇ ಮಾಡಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದುದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೆಂಬುದನ್ನು ಮಾತ್ರ ಸ್ಮರಿಸಬೇಕು. ತಾಯಿಯಿಲ್ಲದ ಕೂಸಿಗೆ ಆ ಡಬ್ಬಿ ಪ್ರಾಣಾಧಾರವಾದುದನ್ನು ಅಲ್ಲಗಳೆಯುವಂತಿಲ್ಲ.

ಘಾನಾ ದೇಶದಲ್ಲಿ ಸುಮಾರು 11,000 ಶಿಶುಗಳನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವು, ಮೊದಲ ದಿನ ಕಳೆದ ಮೇಲೆ ಎದೆಹಾಲು ಆರಂಭಿಸಿದ ಶಿಶುಗಳಲ್ಲಿ ಸಾವಿನ ಅಪಾಯವು ಸುಮಾರು 2.4 ಪಟ್ಟು ಹೆಚ್ಚಿದ್ದುದನ್ನು ತೋರಿಸಿತು. ಹಾಗಿದ್ದರೂ ನಮ್ಮ ದೇಶದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯುಂಡ ಮಕ್ಕಳು ಶೇಕಡಾ 41.8 ಮಾತ್ರ, ಅದೇ ಸಮೀಕ್ಷೆಯ ಪ್ರಕಾರ ಆಸ್ಪತ್ರೆ ಮೊದಲಾದ ಆರೋಗ್ಯಸಂಸ್ಥೆಗಳಲ್ಲಿ ಆದ ಹೆರಿಗೆಗಳು ಶೇಕಡಾ 88.6. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮೊದಲ ಹಾಲಿನ ನಷ್ಟಕ್ಕೆ ಅಜ್ಜಿಯರನ್ನೂ ಸೂಲಗಿತ್ತಿಯರನ್ನೂ ದೂರುತ್ತ ಕುಳಿತುಕೊಳ್ಳುವ ಕಾಲವು ಮುಗಿಯಿತೆಂದೇ ಹೇಳಬೇಕಾಗುತ್ತದೆ. ಕೂಸನ್ನು ಒರೆಸಿ, ತೂಗಿ, ಬಟ್ಟೆಯಲ್ಲಿ ಸುತ್ತಿ ದೂರದ ತೊಟ್ಟಿಲಲ್ಲಿ ಮಲಗಿಸುವ ಹೆರಿಗೆ ಕೋಣೆಯೇ ಇಂದು ಇದಕ್ಕೆ ಮೊದಲ ಹೊಣೆ.