ಅತಿಮಾನುಷರ ಶಾಲೆಯಲ್ಲಿ ಗಣಿತ ಮತ್ತು ಇಂಗ್ಲಿಷ್

ಜಪಾನಿನ ಕೊಹೇ ಹೊರಿಕೋಶಿ ಅವರ ‘ಮೈ ಹೀರೋ ಅಕಾಡೆಮಿಯಾ’ ಚಿತ್ರಕಥಾಮಾಲೆಯು 2014ರಿಂದ 2024ರವರೆಗೆ ವಾರಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಯು.ಎ. ಪ್ರೌಢಶಾಲೆಯಲ್ಲಿ ಅತಿಮಾನುಷ ಶಕ್ತಿಯುಳ್ಳ ಮಕ್ಕಳು ಲೋಕರಕ್ಷಣೆಯ ವಿದ್ಯೆಯನ್ನು ಕಲಿಯುತ್ತಾರೆ. ಆದರೆ ಆ ತರಬೇತಿಯು ಅಪರಾಹ್ನದಲ್ಲಿ. ಪೂರ್ವಾಹ್ನವು ಸಾಮಾನ್ಯ ಪಾಠಗಳಿಗೇ ಮೀಸಲು. ಸಿಡಿಲಿನಂತಹ ಕಂಠದ ಪ್ರೆಸೆಂಟ್ ಮೈಕ್ ಇಂಗ್ಲಿಷನ್ನೂ, ತಮ್ಮದೇ ಪ್ರತಿರೂಪಗಳನ್ನು ಸೃಷ್ಟಿಸಬಲ್ಲ ಎಕ್ಟೋಪ್ಲಾಸಂ ಗಣಿತವನ್ನೂ ಬೋಧಿಸುತ್ತಾರೆ.

ಲಿಖಿತ ಪರೀಕ್ಷೆಯಿಂದ ಯಾರಿಗೂ ವಿನಾಯಿತಿಯಿಲ್ಲ. ಮೈಯಿಂದ ವಿದ್ಯುತ್ತನ್ನು ಹರಿಸುವ ಕಮಿನಾರಿ ಮಧ್ಯಾವಧಿ ಪರೀಕ್ಷೆಯಲ್ಲಿ ತರಗತಿಗೇ ಕೊನೆಯವನು. ಪ್ರಥಮಳು ಮೊಮೊ ಯಾವೊಯೊರೊಜು. ವಸ್ತುಗಳನ್ನು ತನ್ನ ದೇಹದಿಂದಲೇ ನಿರ್ಮಿಸಬಲ್ಲ ಆಕೆ, ಪ್ರತಿಯೊಂದರ ಅಣುರಚನೆಯನ್ನೂ ಮೊದಲು ಅರಿತಿರಬೇಕು. ಓದಿಲ್ಲದಿದ್ದರೆ ಆ ಶಕ್ತಿಯೂ ನಿಷ್ಫಲ. ಅಂತಿಮ ಪರೀಕ್ಷೆಗೆ ಮುನ್ನ ಹಿಂದುಳಿದ ಸಹಪಾಠಿಗಳಿಗೆ ತನ್ನ ಮನೆಯಲ್ಲಿ ಪಾಠ ಹೇಳಿಕೊಡುವವಳೂ ಆಕೆಯೇ.